ಗಂಗಿಯ ಎಸಳು ತೋಳು

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮನೆಗಳಲ್ಲಿ ಐವತ್ತೆಂಟರಿಂದ ಅರವತ್ತೈದರ ನಡುವೆ ತೆಗೆಸಿದ ಮದುವೆಯ ಫೋಟೋ ಇದ್ದರೆ ಒಮ್ಮೆ ಗೋಡೆಯಿಂದ ಇಳಿಸಿ ನೋಡಬೇಕು. ಮದುಮಗಳ ರವಿಕೆಯ ತೋಳು ಮೊಳಕೈಗಿಂತ ತುಸು ಮೇಲೆ ನಿಂತಿರುತ್ತದೆ. ಅದು ಒಂದೇ ತುಂಡಿನ ತೋಳಲ್ಲ. ಎರಡು ತುಂಡು ಬಟ್ಟೆ ಹೂವಿನ ಎಸಳುಗಳ ಹಾಗೆ ಒಂದರ ಮೇಲೊಂದು ಬಂದು ಭುಜದಲ್ಲಿ ಸೇರಿಕೊಂಡಿರುತ್ತವೆ. ಅಂಚಿಗೆ ಸೀರೆಯ ಬಣ್ಣದ ಸಣ್ಣ ಪಟ್ಟಿ. ನಮ್ಮ ಕಡೆ ಅದಕ್ಕೆ ‘ಕಮಲಾಕರ ತೋಳು’ ಎನ್ನುತ್ತಿದ್ದರು. ಹೊನ್ನಾವರದ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಕಮಲಾಕರನಿಂದ ಬಂದ ಹೆಸರು ಅದು.

ಪರದೇಶದ ದೊಡ್ಡ ಶಹರಗಳಲ್ಲಿ ಉಡುಪು ರೂಪಿಸುವವರಿಗೆ ಕವಿಗಳಿಗೆ ಇರುವಷ್ಟೇ ಹೆಸರಿದೆಯಂತೆ. ಒಬ್ಬರು ಸೊಂಟ ಕತ್ತರಿಸುವ ರೀತಿ, ಇನ್ನೊಬ್ಬರು ಭುಜಕ್ಕೆ ಕೊಡುವ ಗೆರೆ ಕಂಡೊಡನೆ ಇದು ಇಂಥವರದೇ ಎಂದು ಜನ ಹೇಳಿಬಿಡುತ್ತಾರಂತೆ. ವಾರಪತ್ರಿಕೆಗಳಲ್ಲಿ ಅಂಥವರ ಚಿತ್ರ ನೋಡಿದಾಗಲೆಲ್ಲ ನನಗೆ ಆ ತೋಳು ನೆನಪಾಗುತ್ತದೆ. ಅದು ಕಮಲಾಕರನದಲ್ಲ, ಅವನ ಅತ್ತಿಗೆ ಗಂಗಿಯದು. ಇಷ್ಟು ವರ್ಷ ನಾನು ಇದನ್ನು ಎಲ್ಲಿಯೂ ಬರೆಯಲಿಲ್ಲ. ಈಗ ಗಂಗಿ ಇಲ್ಲ, ಕಮಲಾಕರ ಇಲ್ಲ, ಅಂಗಡಿಯೂ ಇಲ್ಲ. ಆ ಫೋಟೋಗಳ ಮದುಮಕ್ಕಳು ಅಜ್ಜಿಯರಾಗಿದ್ದಾರೆ. ಈಗ ಗೊತ್ತಾದರೂ ಯಾರಿಗೂ ಕೇಡಿಲ್ಲ.

ನಾನು ಹೊನ್ನಾವರದ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಗಿ ಬಂದದ್ದು ಐವತ್ತೆಂಟರ ಮಳೆಗಾಲದಲ್ಲಿ. ಬಿಡಾರಕ್ಕೆ ಸಿಕ್ಕಿದ್ದು ಕಮಲಾಕರನ ಮನೆಯ ಹಿತ್ತಿಲ ಕಡೆಯ ಕೋಣೆ. ಆ ಮನೆಯ ಎದುರು ಭಾಗವೇ ಅಂಗಡಿ. ಅಂಗಡಿಯ ಹಿಂದೆ ಒಂದು ನಡುಕೋಣೆ, ಆಮೇಲೆ ಅಡಿಗೆಮನೆ. ಅಂಗಡಿಗೂ ನಡುಕೋಣೆಗೂ ಮಧ್ಯೆ ಹಸಿರು ಬಟ್ಟೆಯ ಪರದೆ. ಗಂಗಿ ಆ ನಡುಕೋಣೆಯಲ್ಲಿ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಹೊಲಿಯುತ್ತಿದ್ದಳು. ಕೋಣೆಗೆ ಒಂದು ಕಿಟಕಿ ಇತ್ತು. ತೆರೆದರೆ ಪಕ್ಕದ ಉಪ್ಪಿನ ಗೋದಾಮಿನ ಗೋಡೆ ಕಾಣುತ್ತಿತ್ತು. ಕೈ ಚಾಚಿದರೆ ಆ ಗೋಡೆ ಸಿಗುತ್ತಿತ್ತು.

ಅವಳಿಗೆ ಆಗ ಮೂವತ್ತು ದಾಟಿರಲಿಲ್ಲ. ತವರು ಭಟ್ಕಳದ ಹತ್ತಿರದ ಹೆಬಳೆ. ಅಲ್ಲಿ ಅವಳ ಅಣ್ಣ ದುರ್ಗಪ್ಪ ಮಲ್ಲಿಗೆ ಬೆಳೆಯುತ್ತಿದ್ದ. ಗಂಡ ಅಣ್ಣಪ್ಪ ಒಳ್ಳೆಯ ದರ್ಜಿ. ಹೆಂಡತಿಗೆ ಕತ್ತರಿ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದ. ಮದುವೆಯಾಗಿ ಕೆಲವು ವರ್ಷಗಳಲ್ಲೇ ವಿಷಮಜ್ವರದಿಂದ ತೀರಿಕೊಂಡ. ಅವನ ತಮ್ಮ ಕಮಲಾಕರ ಬೊಂಬಾಯಿಯ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು ಹೆಂಡತಿಯೊಡನೆ ಊರಿಗೆ ಬಂದು ಅಣ್ಣನ ಅಂಗಡಿ ಹಿಡಿದ. ಅವನಿಗೆ ಅಂಗಿ, ಚಡ್ಡಿ, ಪಾಯಿಜಾಮ ಹೊಲಿಯಲು ಬರುತ್ತಿತ್ತು. ರವಿಕೆ ಬರುತ್ತಿರಲಿಲ್ಲ. ಮಾತು ಮಾತ್ರ ಬಹಳ ಚೆನ್ನಾಗಿ ಬರುತ್ತಿತ್ತು.

ಬಂದ ಹೊಸತರಲ್ಲೇ ಅವನು ಒಂದು ಎಡವಟ್ಟು ಮಾಡಿದ. ನದಿಯಾಚೆಯ ಕಾಸರಕೋಡಿನಿಂದ ಬಂಗಾರಿ ಎಂಬ ಹೆಂಗಸು ಹಿರಿಯ ಮಗಳು ಸುಬ್ಬಿಯ ಮದುವೆಗೆ ಹುಬ್ಬಳ್ಳಿಯಿಂದ ತರಿಸಿದ ರವಿಕೆಯ ರೇಷ್ಮೆ ಕಣವನ್ನು ಕೊಟ್ಟು ಹೋಗಿದ್ದಳು. ಕಮಲಾಕರ ಎರಡು ತೋಳುಗಳನ್ನೂ ಬಲಗೈಗೇ ಕತ್ತರಿಸಿಬಿಟ್ಟ. ಎಡಗೈಗೆ ಬಟ್ಟೆ ಉಳಿಯಲಿಲ್ಲ. ಅಂಥದೇ ಕಣ ಹೊನ್ನಾವರದಲ್ಲಿ ಎಲ್ಲಿಯೂ ಸಿಗುವಂತಿರಲಿಲ್ಲ. ಅವನು ತಲೆ ಮೇಲೆ ಕೈಹೊತ್ತು ಕುಳಿತಾಗ ಗಂಗಿ ಪರದೆಯ ಹಿಂದಿನಿಂದ ಕೈ ಚಾಚಿ ಆ ತುಂಡುಗಳನ್ನು ಒಳಗೆ ಎಳೆದುಕೊಂಡಳು. ಎರಡನ್ನೂ ಓರೆಯಾಗಿ ಸೀಳಿ, ಅರ್ಧರ್ಧ ಸೇರಿಸಿ, ಒಂದರ ಮೇಲೊಂದು ಮಡಿಸಿ ಕೂರಿಸಿದಳು. ಮಾರನೆಯ ದಿನ ರವಿಕೆ ನೋಡಿದ ಬಂಗಾರಿ ಅಂಗಡಿಯ ಎದುರೇ ಕೂಗಿಕೊಂಡಳಂತೆ:

“ಅಯ್ಯಬ್ಬ! ಇದೆಂತ ತೋಳು ಮಾರಾಯ! ಎಲ್ಲಿದು?”

“ಬೊಂಬಾಯಿದು,” ಎಂದ ಕಮಲಾಕರ. “ನಂದೇ ಕಟಿಂಗು.”

ಆ ಸುಳ್ಳಿಗೆ ಒಂದು ಕಾರಣವಿತ್ತು. ಮದುವೆಯ ಬಟ್ಟೆಗೆ ಗಂಡ ಸತ್ತವಳ ಕತ್ತರಿ ಬೀಳಬಾರದು ಎಂದು ನಮ್ಮ ಕಡೆ ನಂಬಿಕೆ. ಹುಕ್ಕು ಹಾಕಬಹುದು, ಅಂಚು ಮಡಿಸಬಹುದು. ಆದರೆ ಹೊಸ ಬಟ್ಟೆಯನ್ನು ಕತ್ತರಿಸುವವರು ಮುತ್ತೈದೆಯೋ ಗಂಡಸೋ ಆಗಿರಬೇಕು. ಇಲ್ಲದಿದ್ದರೆ ಮದುಮಗಳಿಗೆ ಆಗಿಬರುವುದಿಲ್ಲ. ಸುಬ್ಬಿಯ ರವಿಕೆಗೆ ಮೊದಲ ಕತ್ತರಿ ಕಮಲಾಕರನದೇ ಆಗಿತ್ತು. ಅಷ್ಟರಮಟ್ಟಿಗೆ ಅವನ ಮಾತು ನಿಜ. ಆದರೆ ಮುಂದಿನ ಮದುವೆಯವರೂ ಅದೇ ತೋಳು ಕೇಳಿದರು. ಅದರ ಮುಂದಿನವರೂ ಕೇಳಿದರು. ಆ ತೋಳನ್ನು ಕತ್ತರಿಸಲು ಕಮಲಾಕರನಿಗೆ ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಅವನು ಮಾಡಿದರೆ ಎಸಳು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿತ್ತು. ಹೀಗಾಗಿ ಪರದೆಯ ಹಿಂದೆ ಗಂಗಿಯೇ ಕತ್ತರಿಸತೊಡಗಿದಳು. ಹೊರಗೆ ಹೆಸರು ಕಮಲಾಕರನದಾಯಿತು. ಮನೆಯವರನ್ನು ಬಿಟ್ಟರೆ ಗುಟ್ಟು ಗೊತ್ತಿದ್ದವಳು ನಾನೊಬ್ಬಳು.

ಆ ಕಾಲದಲ್ಲಿ ಪೇಟೆಯ ದರ್ಜಿ ಹೆಂಗಸರ ಮೈಗೆ ಟೇಪು ಹಿಡಿಯುತ್ತಿರಲಿಲ್ಲ. ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಹೊಸ ಬಟ್ಟೆಯ ಜೊತೆ ಸುತ್ತಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಅದಕ್ಕೆ ಅಳತೆ ಪೋಲಕ ಎಂದು ಹೆಸರು. ಗಂಗಿ ಅದನ್ನು ನೆಲದ ಮೇಲೆ ಹರಡಿ, ಅಂಗೈಯಿಂದ ಸವರಿ, ಸ್ವಲ್ಪ ಹೊತ್ತು ನೋಡುತ್ತ ಕೂರುತ್ತಿದ್ದಳು.

“ಇವ್ಳು ಎಡಗೈಲಿ ಕೊಡ ಎತ್ತೂದು ಅಕ್ಕೋರೇ. ಎಡ ಕಂಕುಳು ಮಾತ್ರ ಹರ್ದಿದೆ ನೋಡಿ,” ಎನ್ನುತ್ತಿದ್ದಳು. ಇನ್ನೊಂದನ್ನು ಎತ್ತಿ, “ಇದು ಬಸುರಿದು. ಎರಡು ಸಲ ಹೊಲಿಗೆ ಬಿಚ್ಚಿ ಸಡ್ಲ ಮಾಡ್ಕಂಡಿದ್ದು. ನಾ ಸ್ವಲ್ಪ ಹೆಚ್ಚಿಗೆ ಬಟ್ಟೆ ಒಳಗೆ ಬಿಡ್ತೆ. ಕೇಳೂಕೆ ನಾಚಿಕೆ ಅವ್ಳಿಗೆ, ಪಾಪ.”

ಮೂರು ತಾಲೂಕಿನ ಹೆಂಗಸರು ಅವಳಿಗೆ ಹೀಗೆ ಪರಿಚಯ. ಮುಖ ಕಂಡವರು ಬೆರಳೆಣಿಕೆಯಷ್ಟು. ಮದುವೆ, ಮುಂಜಿ, ಸೀಮಂತಕ್ಕೆ ಅವಳು ಹೋಗುವಂತಿರಲಿಲ್ಲ. ತಾನು ಮಾತ್ರ ಬಿಳಿ ಸೀರೆ, ಬಿಳಿ ಪಾಪ್ಲಿನ್ನಿನ ಸಾದಾ ರವಿಕೆ ತೊಡುತ್ತಿದ್ದಳು. ಎಸಳು ತೋಳನ್ನು ಒಮ್ಮೆಯೂ ಮೈಗೆ ಹಾಕಿಕೊಂಡವಳಲ್ಲ.

ನನ್ನ ತರಗತಿಯಲ್ಲಿ ಪರಕಾರ ಎಂಬ ಲಂಗ, ಪೋಲಕ ತೊಟ್ಟು ಬರುವ ಹುಡುಗಿಯರಲ್ಲಿ ಎರಡು ಮೂರು ವರ್ಷದೊಳಗೆ ಅರ್ಧಕ್ಕರ್ಧ ಮಂದಿಗೆ ಆ ತೋಳು ಬಂತು. ಒಂದು ಸಂಜೆ ಗಂಗಿ ನನ್ನನ್ನು ಕೇಳಿದಳು:

“ಅಕ್ಕೋರೇ, ನೀವು ಪ್ರಶ್ನೆ ಕೇಳಿದಾಗ ಹುಡ್ಗೀರು ಕೈ ಎತ್ತುತ್ರಲ್ಲ, ಆಗ ತೋಳು ಹೆಂಗೆ ಕಾಣ್ತದೆ?”

“ಮೇಲಿನ ಎಸಳು ತುಸು ಬಿಚ್ಚಿಕೊಳ್ಳುತ್ತದೆ. ಒಳಗಿನದು ಅಲ್ಲಾಡುವುದಿಲ್ಲ. ಕೈ ಇಳಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ,” ಎಂದೆ.

“ಮುಚ್ಕಣ್ತದಾ? ಹಂಗಾದ್ರೆ ಸರಿ ಬಂದಿದೆ.” ಅವಳು ಮಿಷನ್ನಿನ ಮೇಲೆ ಮೊಳಕೈ ಊರಿ ನಕ್ಕಳು. ಆಮೇಲೆ ಮೆಲ್ಲಗೆ, “ಒಂದು ದಿನ ಆದ್ರೂ ಕಾಣ್ಬೇಕಿತ್ತು,” ಎಂದಳು.

ಕುಮಟಾ, ಭಟ್ಕಳದ ದರ್ಜಿಗಳೂ ಅದನ್ನು ನಕಲು ಮಾಡಿದರು. ಯಾರು ಮಾಡಿದರೂ ಕಮಲಾಕರ ತೋಳು ಎಂದೇ ಹೆಸರು. ಕಮಲಾಕರನಿಗೆ ಮರ್ಯಾದೆ ಹೆಚ್ಚಿತು. ನದಿ ದಾಟುವ ಲಾಂಚಿನಲ್ಲಿ ಜನ ಸರಿದು ಅವನಿಗೆ ಜಾಗ ಕೊಡುತ್ತಿದ್ದರು. ಆದರೆ ಅವನು ಕೆಟ್ಟ ಮನುಷ್ಯನಲ್ಲ. ಅತ್ತಿಗೆಗೆ ಊಟಕ್ಕೆ, ಔಷಧಿಗೆ ಕಡಿಮೆ ಮಾಡಿದವನಲ್ಲ. ಎದುರು ನಿಂತು ಜೋರಾಗಿ ಮಾತನಾಡಿದವನೂ ಅಲ್ಲ. ಬೇರೆ ತೋಳು ಮಾಡಿ ನೋಡುತ್ತೇನೆ ಎಂದು ಗಂಗಿ ಹೇಳಿದಾಗ ಮಾತ್ರ ಕೈ ಮುಗಿಯುತ್ತಿದ್ದ.

“ಬೇಡ ಅತ್ತಿಗೆ. ಜನ ಇದನ್ನೇ ಕೇಳೂದು. ಇದೊಂದು ಇದ್ರೆ ಸಾಕು ನಮ್ಗೆ.”

ಒಮ್ಮೆ ಅವಳು ಒಂದು ರವಿಕೆಯ ಬೆನ್ನಿಗೆ ಹೊಸ ಬಗೆಯ ಕುತ್ತಿಗೆ ಕೂರಿಸಿ ಕೊಟ್ಟಿದ್ದಳು. ಬಹಳ ಚೆಂದವಾಗಿತ್ತು. ಮಾರನೆಯ ದಿನ ಅದು ವಾಪಸ್ಸು ಬಂತು. “ಮಾಮೂಲಿ ಮಾಡಿ ಕೊಡೂಕೆ ಹೇಳಿದ್ರು,” ಎಂದು ತಂದವರು ಹೇಳಿ ಹೋದರು. ಗಂಗಿ ಅದನ್ನು ಬಿಚ್ಚುತ್ತ, “ಗಾಣದ ಎತ್ತಿಗೆ ಕಣ್ಣು ಕಟ್ಟುತ್ರು. ನಂಗೆ ಕಟ್ಟಲಿಲ್ಲ, ಅಷ್ಟೇ ಕಡಿಮೆ,” ಎಂದಳು. ಅದು ದೂರಿನ ಧ್ವನಿಯಲ್ಲ. ಹವೆ ಹೇಗಿದೆ ಎಂದು ಹೇಳುವ ಹಾಗೆ ಹೇಳಿದ ಮಾತು.

ಅರವತ್ತೆರಡರ ಬೇಸಿಗೆ ಶುರುವಾಗುವ ಹೊತ್ತಿಗೆ ಹೆಬಳೆಯಿಂದ ಅವಳ ಅಣ್ಣ ದುರ್ಗಪ್ಪ ಒಂದು ಸುದ್ದಿ ತಂದ. ಸರಕಾರದ ಅಭಿವೃದ್ಧಿ ಬ್ಲಾಕಿನವರು ಹೆಬಳೆಯ ಮಹಿಳಾ ಮಂಡಲದಲ್ಲಿ ಹೊಲಿಗೆ ತರಗತಿ ತೆರೆಯುತ್ತಾರೆ, ಕಲಿಸಲು ಒಬ್ಬ ಹೆಂಗಸು ಬೇಕು, ಗಂಡ ಇಲ್ಲದವರಿಗೆ ಮೊದಲ ಆದ್ಯತೆ, ಪರೀಕ್ಷೆ ಕುಮಟಾದಲ್ಲಿ.

“ಬಾ ತಂಗಿ,” ಎಂದ. “ಹಿತ್ತಿಲ ಬದಿ ಕೋಣೆ ಖಾಲಿ ಇದೆ. ಮಲ್ಲಿಗೆ ತೋಟದ ಎದುರಿಗೇ.”

ಅಣ್ಣ ಹೋದ ಮೇಲೆ ಗಂಗಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ಅಕ್ಕೋರೇ, ಅಲ್ಲಿ ಹುಡ್ಗೀರು ಎದುರಿಗೆ ಕೂತ್ಕಣ್ತ್ರು ಅಲ್ದಾ? ನಾ ಕತ್ತರಿಸಿದ್ದು ಅವ್ರು ಅಲ್ಲೇ ಹಾಕಿ ತೋರಿಸ್ತ್ರು ಅಲ್ದಾ?”

“ಹೌದು. ನಿನ್ನನ್ನೂ ಅಕ್ಕೋರು ಅಂತಲೇ ಕರೆಯುತ್ತಾರೆ.”

“ಆಗ ನಿಮ್ಮ ಹಂಗೆ ಬೆತ್ತ ಹಿಡ್ಕಬೇಕಾ?” ಎಂದು ನಕ್ಕಳು. ಅಷ್ಟು ಬಾಯ್ತುಂಬ ಅವಳು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಶ್ಚರ್ಯವೆಂದರೆ ಕಮಲಾಕರ ಬೇಡ ಎನ್ನಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತ ಕೂತ. ಆಮೇಲೆ, “ನಿಮ್ಮ ಇಷ್ಟ ಅತ್ತಿಗೆ. ನಾ ತಡೆದೆ ಅಂತ ನಾಳೆ ಯಾರೂ ಹೇಳೂದು ಬೇಡ. ಈ ವರ್ಷದ ಮದ್ವೆ ಪೋಲಕ ಅಷ್ಟು ಮುಗ್ಸಿ ಕೊಡಿ,” ಎಂದ. ಎಸಳು ತೋಳನ್ನು ತನಗೆ ಕಲಿಸಿ ಹೋಗಿ ಎಂದೂ ಕೇಳಿಕೊಂಡ. ಅವಳು ಕಲಿಸಲು ಕೂತಳು. ಹಳೆಯ ಬಟ್ಟೆಯ ಚೂರುಗಳ ಮೇಲೆ ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ ಅವನ ಕೈ ಹಿಡಿದು ಕತ್ತರಿ ಆಡಿಸಿದಳು. ಅವನ ಹಣೆಯಲ್ಲಿ ಬೆವರು ಬಂತು, ತೋಳು ಬರಲಿಲ್ಲ.

ಪರೀಕ್ಷೆಗೆ ಪ್ರತಿಯೊಬ್ಬರೂ ತಮ್ಮ ಸ್ವಂತ ಕಲ್ಪನೆಯ ಉಡುಪೊಂದನ್ನು ಮನೆಯಲ್ಲೇ ಹೊಲಿದು ತರಬೇಕಿತ್ತು. ಗಂಗಿ ಏನು ಒಯ್ಯಬೇಕೆಂದು ಯಾರನ್ನೂ ಕೇಳಲಿಲ್ಲ. ಬಿಳಿ ವಾಯಿಲ್ ಬಟ್ಟೆಯಲ್ಲಿ ಎಸಳು ತೋಳಿನ ರವಿಕೆಯೊಂದನ್ನು ಹೊಲಿದಳು. “ಲೋಕದಲ್ಲಿ ನಂದು ಅಂತ ಇರೂದು ಇದೊಂದೇ,” ಎಂದಳು. ದುರ್ಗಪ್ಪ ಬಂದು ಅವಳನ್ನು ಕುಮಟಾ ಬಸ್ಸಿಗೆ ಹತ್ತಿಸಿಕೊಂಡು ಹೋದ. ನನಗೆ ಆ ದಿನ ಶಾಲೆಯ ತಪಾಸಣೆ ಇದ್ದುದರಿಂದ ಹೋಗಲಾಗಲಿಲ್ಲ.

ಸಂಜೆ ಬಂದವಳ ಮುಖ ಅರ್ಧ ಅರಳಿತ್ತು, ಅರ್ಧ ಬಾಡಿತ್ತು. ಹೊಲಿಗೆಯಲ್ಲಿ ಅವಳೇ ಎಲ್ಲರಿಗಿಂತ ಮೇಲೆ ಎಂದು ಪರೀಕ್ಷೆ ನಡೆಸಿದ ಬ್ಲಾಕಿನ ಮುಖ್ಯಸೇವಿಕೆಯವರು ಹೇಳಿದ್ದರು. ಆದರೆ ಮನೆಯಿಂದ ತಂದ ರವಿಕೆ ನೋಡಿ ಅವರು ಹುಬ್ಬು ಗಂಟಿಕ್ಕಿದರಂತೆ.

“ಇದು ಹೊನ್ನಾವರದ ಕಮಲಾಕರ ತೋಳು. ನನ್ನ ಹತ್ತಿರವೇ ಎರಡಿವೆ. ಸ್ವಂತದ್ದು ತನ್ನಿ ಎಂದರೆ ಪೇಟೆಯದನ್ನು ನಕಲು ಮಾಡಿ ತಂದಿದ್ದೀರಲ್ಲ?” ಎಂದಿದ್ದರು.

“ನೀನು ಏನು ಹೇಳಿದೆ?” ಎಂದು ಕೇಳಿದೆ.

“ನಂದೇ ಬಾಯೋರೇ ಅಂದೆ.” ಅವಳು ನನ್ನ ಕೈ ಹಿಡಿದುಕೊಂಡಳು. ಅಂಗೈ ಬಿಸಿಯಾಗಿತ್ತು. “ಒಬ್ರ ಎದುರಿಗೆ ಹೇಳ್ದೆ ಅಕ್ಕೋರೇ, ಬಾಯಿಬಿಟ್ಟು. ಆ ಕೋಣೇಲಿ ಅವ್ರು, ನಾನು, ಇಬ್ರೇ.”

“ನಂಬಿದರೋ?”

“ಸೋಮವಾರ ಹೊನ್ನಾವರಕ್ಕೆ ಬತ್ತ್ರಂತೆ. ಅಂಗಡೀಲಿ ಕೇಳ್ತ್ರಂತೆ. ಕಮಲಾಕರ ಹೌದು ಅಂದ್ರೆ ಅಲ್ಲೇ ಕೆಲ್ಸ ಖಾಯಂ ಅಂದ್ರು.”

ನಾನೇ ಹೋಗಿ ಸಾಕ್ಷಿ ಹೇಳುತ್ತೇನೆ ಎಂದರೆ ಅವಳು ಒಪ್ಪಲಿಲ್ಲ. ಅಂಗಡಿಯವನ ಮಾತೇ ಬೇಕೆಂದು ಬಾಯೋರು ಹೇಳಿದ್ದಾರೆ ಎಂದಳು.

ಕಮಲಾಕರ ಎಲ್ಲವನ್ನೂ ಕೇಳಿಸಿಕೊಂಡ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನ ತುದಿ ಕಚ್ಚುತ್ತಿದ್ದಳು.

“ನಾ ಕೃತಘ್ನ ಅಲ್ಲ ಅತ್ತಿಗೆ,” ಎಂದ ಅವನು. “ಅವ್ರನ್ನ ಒಳಗೆ ಕರ್ಕಂಡು ಬತ್ತೆ, ಚಾ ಕೊಡ್ತೆ. ಇಲ್ಲಿ ಈ ಮಿಷನ್ ಎದುರಿಗೆ ಕೂರ್ಸಿ, ಎಲ್ಲಾ ನಮ್ಮ ಅತ್ತಿಗೆದು ಅಂತ ಹೇಳ್ತೆ. ಆದ್ರೆ ಹೊರಗೆ ಜನರ ಎದುರು ಕೇಳ್ದ್ರೆ ನನ್ನ ಬಾಯಿ ಹೊರಡೂದಿಲ್ಲ. ಇಷ್ಟು ವರ್ಷ ಎಷ್ಟು ಮದ್ವೆ ಪೋಲಕ ಹೋಗಿದೆ! ಒಂದೊಂದು ಮನೆಯವ್ರೂ ಬಂದು ಬಾಗ್ಲಲ್ಲಿ ನಿಂತ್ರೆ ಎಂತ ಮಾಡೂದು?”

“ಒಳಗೇ ಹೇಳು, ಸಾಕು,” ಎಂದಳು ಗಂಗಿ. “ನಂಗೆ ಊರಿಗೆಲ್ಲ ಸಾರೂದು ಬೇಡ. ಅವ್ರೊಬ್ರಿಗೆ ಗೊತ್ತಾದ್ರೆ ಆತು.”

ಭಾನುವಾರ ಅವಳು ತನ್ನ ಎರಡು ಸೀರೆಗಳನ್ನು ಒಗೆದು ಒಣಗಿಸಿ ಮಡಿಸಿಟ್ಟಳು. ಕಿಟಕಿ ತೆರೆದು, ಗೋದಾಮಿನ ಗೋಡೆಯನ್ನು ನೋಡಿ, “ನಿನ್ನ ಋಣ ತೀರ್ತು ನೋಡು,” ಎಂದು ನನಗೆ ಕೇಳುವ ಹಾಗೆಯೇ ಹೇಳಿದಳು.

ಸೋಮವಾರ ಶಾಲೆ ಬಿಟ್ಟು ನಾನು ಬರುವ ಹೊತ್ತಿಗೆ ಅಂಗಡಿಯ ಎದುರು ಜನ ತುಂಬಿದ್ದರು. ಮದುವೆಯ ಕಾಲ. ಕಾಸರಕೋಡಿನ ಬಂಗಾರಿಯೂ ಲಾಂಚು ಹಿಡಿದು ಬಂದಿದ್ದಳು. ಅವಳ ಎರಡನೆಯ ಮಗಳು ಹೊನ್ನಿಯ ಮದುವೆ ಆ ವಾರವೇ ಇತ್ತು. ಹೊಸ ರವಿಕೆಯ ಕಟ್ಟನ್ನು ಎದೆಗೆ ಒತ್ತಿಕೊಂಡು ಅವಳು ಕಮಲಾಕರನಿಗೆ ತಮಾಷೆ ಮಾಡುತ್ತಿದ್ದಳು.

“ನೀ ಒಬ್ಬ ಇಲ್ದಿದ್ರೆ ನನ್ನ ಹುಡ್ಗೀರಿಗೆ ಮದ್ವೆನೇ ಇಲ್ಲ ನೋಡು. ಗಂಡಿನವ್ರು ಹುಡ್ಗಿ ಮುಖ ನೋಡೂದಿಲ್ಲ, ತೋಳು ನೋಡೂದು!”

“ಹಂಗಾದ್ರೆ ವರದಕ್ಷಿಣೇಲಿ ನಂಗೂ ಪಾಲು ಕೊಡು,” ಎಂದ ಕಮಲಾಕರ. ಎಲ್ಲರೂ ನಕ್ಕರು. ಅವನ ಕಣ್ಣು ಮಾತ್ರ ಬೀದಿಯ ಕಡೆಗಿತ್ತು.

ಜೀಪು ಬಂತು. ಮುಖ್ಯಸೇವಿಕೆಯವರು ಇಳಿದರು. ಒಳ್ಳೆಯ ಹೆಂಗಸು, ಕೆಲಸದ ಗಡಿಬಿಡಿ ಮಾತ್ರ ಬಹಳ. ಕಮಲಾಕರ ಅಂಗಡಿಯ ಹಲಗೆಯಿಂದ ಜಿಗಿದು ಎದುರು ಹೋದ.

“ಬನ್ನಿ ಬಾಯೋರೇ, ಒಳಗೆ ಬನ್ನಿ. ಒಂದು ಲೋಟ ಚಾ ಕುಡ್ದು...”

“ಚಹಾ ಬೇಡ. ನದಿ ದಾಟಿ ಮಂಕಿಗೆ ಹೋಗಬೇಕು. ಲಾಂಚು ತಪ್ಪಿದರೆ ಕಷ್ಟ.” ಅವರು ಚೀಲದಿಂದ ಬಿಳಿ ವಾಯಿಲ್ಲಿನ ರವಿಕೆಯನ್ನು ತೆಗೆದು ಎಲ್ಲರೆದುರು ಬಿಡಿಸಿ ಹಿಡಿದರು. “ಒಂದೇ ಮಾತು. ಈ ತೋಳನ್ನು ಮೊದಲು ಮಾಡಿದವರು, ಕತ್ತರಿಸುವವರು ಯಾರು? ನೀವೋ, ನಿಮ್ಮ ಅತ್ತಿಗೆಯೋ?”

“ಒಳಗೆ ಕೂತು ಮಾತಾಡ್ವ ಬಾಯೋರೇ...”

“ಇದರಲ್ಲಿ ಕೂತು ಮಾತನಾಡುವುದೇನಿದೆ? ಹೌದು, ಇಲ್ಲ, ಅಷ್ಟೇ ಅಲ್ಲವೇ?”

ಮೊದಲು ಬಾಯಿ ಬಿಟ್ಟವಳು ಬಂಗಾರಿ.

“ಯಾವ ಅತ್ತಿಗೆ? ಗಂಗಿಯಾ?” ಅವಳ ಧ್ವನಿಯಲ್ಲಿ ಇನ್ನೂ ನಗು ಇತ್ತು. “ಎಂತ ಕೇಳೂದು ಬಾಯೋರೇ ನೀವು! ಅವ್ಳು ಮದ್ವೆ ಪೋಲಕಕ್ಕೆ ಕತ್ತರಿ ಹಾಕೂದುಂಟಾ?” ಆಮೇಲೆ ಅವಳು ಕಮಲಾಕರನ ಮುಖ ನೋಡಿದಳು. ನಗು ಇಳಿಯಿತು. “ಕಮಲಾಕರ, ಇವ್ರು ಎಂತ ಹೇಳೂದು? ನಮ್ಮ ಸುಬ್ಬಿ ಪೋಲಕ ಯಾರು ಮಾಡಿದ್ದು?”

ಸುಬ್ಬಿಗೆ ಹಿಂದಿನ ವರ್ಷ ಹುಟ್ಟಿದ ಮಗು ಉಳಿದಿರಲಿಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಪರದೆಯ ಹಿಂದೆ ಇದ್ದವಳಿಗೂ ಗೊತ್ತಿತ್ತು. ಬಂಗಾರಿ ಕಟ್ಟನ್ನು ಎದೆಯಿಂದ ತುಸು ದೂರ ಹಿಡಿದಿದ್ದಳು.

ಕಮಲಾಕರನ ತುಟಿ ಅಲ್ಲಾಡಿತು. ಮುಖ್ಯಸೇವಿಕೆಯವರು ಏನೂ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡಿದರು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಏನಾದರೂ ಹೇಳಲೇಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಹಸಿರು ಪರದೆ ಸರಿಯಿತು. ಗಂಗಿ ಅಂಗಡಿಗೆ ಬಂದಳು. ಗಂಡ ಸತ್ತ ಮೇಲೆ ಗಿರಾಕಿಗಳಿರುವಾಗ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ನನ್ನ ಕಡೆ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದಳು. ಬಂಗಾರಿಯ ಕಡೆ ಒಮ್ಮೆ ನೋಡಿದಳು. ಅವಳ ಮುಖವನ್ನು ಗಂಗಿ ನೋಡಿದ್ದು ಅದೇ ಮೊದಲೋ ಏನೋ. ಆ ಹೆಂಗಸಿನ, ಅವಳ ಮಕ್ಕಳ ಮೈಯಳತೆ ಮಾತ್ರ ಅವಳಿಗೆ ಬೆರಳ ತುದಿಯಲ್ಲಿತ್ತು.

“ನಂದಲ್ಲ ಬಾಯೋರೇ,” ಎಂದಳು. “ಕಟಿಂಗ್ ಎಲ್ಲಾ ನಮ್ಮ ಕಮಲಾಕರಂದು. ನಾ ಹುಕ್ಕು ಹಾಕೂದು, ಅಂಚು ಮಡ್ಸೂದು ಅಷ್ಟೇ.”

“ಮತ್ತೆ ಕುಮಟಾದಲ್ಲಿ ನಂದೇ ಎಂದಿರಿ?”

“ಸುಳ್ಳು ಹೇಳಿದ್ದೆ.”

ಮುಖ್ಯಸೇವಿಕೆಯವರಿಗೂ ಬೇಸರವಾಗಿತ್ತು. ರವಿಕೆಯನ್ನು ಮಡಿಸಿ ಹಲಗೆಯ ಮೇಲಿಟ್ಟರು. “ಮಕ್ಕಳಿಗೆ ಕಲಿಸುವ ಕೆಲಸ ಇದು, ತಂಗಿ. ಹೀಗೆ ಮಾಡಬಾರದಿತ್ತು,” ಎಂದಷ್ಟೇ ಹೇಳಿ ಜೀಪು ಹತ್ತಿದರು.

ಬಂಗಾರಿ ಉಸಿರು ಬಿಟ್ಟಳು. ಕಟ್ಟು ಮತ್ತೆ ಎದೆಗೆ ಬಂತು. “ಅಬ್ಬ! ನನ್ನ ಜೀವ ಹೋಗಿ ಬಂತು. ಕೆಲ್ಸ ಸಿಗ್ಲಿ ಅಂತ ಎಂತೆಂತ ಹೇಳ್ತ್ರು ನೋಡು ಜನ!” ಎಂದು ಗಂಗಿಯ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು. “ಹೋಗ್ಲಿ ಬಿಡು ಗಂಗಿ. ಪಾಪ, ನಿಂದೂ ಜೀವ ಅಲ್ದಾ?”

ಗಂಗಿ ಒಳಗೆ ಹೋದಳು. ಪರದೆ ಬಿತ್ತು.

ಗಿರಾಕಿಗಳು ಕರಗಿದ ಮೇಲೆ ನಾನೂ ಕಮಲಾಕರನೂ ನಡುಕೋಣೆಗೆ ಹೋದೆವು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಕಮಲಾಕರ ಅವಳ ಎದುರು ನೆಲದ ಮೇಲೆ ಕುಳಿತುಬಿಟ್ಟ. ದೊಡ್ಡ ಗಂಡಸು, ಎಳೆಯ ಮಗುವಿನ ಹಾಗೆ ಅಳತೊಡಗಿದ.

“ಅತ್ತಿಗೆ, ನಾ ಹೇಳ್ತಿದ್ದೆ. ಇನ್ನೊಂದು ಚೂರು ಹೊತ್ತು ಆಗಿದ್ರೆ ಹೇಳೇ ಬಿಡ್ತಿದ್ದೆ.”

“ಹೇಳ್ತಿದ್ದೆ, ಗೊತ್ತು,” ಎಂದಳು ಗಂಗಿ. “ಅದಕ್ಕೇ ಹೊರಗೆ ಬಂದೆ.”

ಅವಳು ದಾರ ಕಚ್ಚಿ ತುಂಡು ಮಾಡಿದಳು. “ಸುಬ್ಬಿ ಕೂಸು ಹೋದದ್ದು ಯಾವುದ್ರಿಂದನೋ. ನಾಳೆಯಿಂದ ಅದು ಈ ಕೈಯಿಂದ ಅಂತ ಆಗ್ತಿತ್ತು. ಹೊನ್ನಿ ಆ ಪೋಲಕ ಹಾಕ್ಕಂಡು ಮಂಟಪದಲ್ಲಿ ನಡುಗ್ತಾ ಕೂರ್ತಿತ್ತು. ಕೆಟ್ಟದ್ದು ಎಂತ ಆದ್ರೂ ಆ ಪೋಲಕನೇ ನೆನಪಾಗ್ತಿತ್ತು ಅವ್ಳಿಗೆ, ಜನ್ಮ ಇಡೀ. ಹೆಬಳೇಲಿ ಕೂತು ನಾ ಹೆಂಗೆ ಕಲಿಸೂದು?” ಆಮೇಲೆ ತಟ್ಟನೆ ತಲೆ ಎತ್ತಿ, “ಅಲ್ಲ, ಹೊನ್ನಿ ಪೋಲಕದ ಕೊನೇ ಹುಕ್ಕು ಸಡ್ಲ ಇತ್ತು. ನಂಗೆ ಕೊಡು ಅಂದಿದ್ದೆ. ನೋಡ್ದೇ ಕೊಟ್ಬಿಟ್ಯಾ?” ಎಂದು ಗದರಿಸಿದಳು. ಕಮಲಾಕರ ಕಣ್ಣೊರೆಸಿಕೊಳ್ಳುತ್ತ ಎದ್ದು, ಲಾಂಚು ಬಿಡುವ ಮೊದಲು ಬಂಗಾರಿಯನ್ನು ಹಿಡಿಯಲು ಬಂದರಿನ ಕಡೆ ಓಡಿದ.

ಹೆಬಳೆಯ ಕೆಲಸ ಅಂಕೋಲೆಯ ಕಡೆಯ ಒಬ್ಬ ಹೆಂಗಸಿಗೆ ಸಿಕ್ಕಿತು. ದುರ್ಗಪ್ಪ ತಂಗಿಯ ಮೇಲೆ ಸಿಟ್ಟು ಮಾಡಿಕೊಂಡು ಬಹಳ ಕಾಲ ಬರಲಿಲ್ಲ. ತಂಗಿ ಅಧಿಕಾರಿಗಳಿಗೆ ಸುಳ್ಳು ಹೇಳಿದಳು ಎಂದು ಊರಲ್ಲಿ ಅವನಿಗೆ ತಲೆ ತಗ್ಗಿಸುವಂತಾಗಿತ್ತು. ಅವನಿಗಾದರೂ ನಿಜ ಹೇಳು ಎಂದರೆ ಗಂಗಿ ಕೇಳಲಿಲ್ಲ. “ಅವನ ಹೆಂಡ್ತಿಗೆ ಗೊತ್ತಾದ್ರೆ ಸುದ್ದಿ ಹೂವಿನ ಜೊತೆ ಭಟ್ಕಳ ಪೇಟೆಗೇ ಹೋಗ್ತದೆ,” ಎಂದಳು. ಒಂದು ಸುಳ್ಳಿನಿಂದ ಹೊರಬರಲು ಇದ್ದ ಒಂದೇ ಬಾಗಿಲನ್ನು ಅವಳು ಇನ್ನೊಂದು ಸುಳ್ಳಿನಿಂದ ತಾನೇ ಮುಚ್ಚಿದ್ದಳು; ಆಮೇಲೆ ಅದನ್ನು ತಳ್ಳಿ ನೋಡಲಿಲ್ಲ.

ಆ ಮಳೆಗಾಲದಲ್ಲಿ ಕಮಲಾಕರ ಕಾಲಿನಿಂದ ತುಳಿಯುವ ಹೊಸ ಮಿಷನ್ನು ತಂದ. ಅಲ್ಲಿಯವರೆಗೆ ಅವಳದು ಕೈಯಿಂದ ತಿರುಗಿಸುವ ಮಿಷನ್ನು. ಅತ್ತಿಗೆಗೆ ಸುಖವಾಗಲಿ ಎಂದೇ ಅವನು ತಂದದ್ದು. ಅದು ನಡುಕೋಣೆಯ ಅರ್ಧ ಜಾಗ ಹಿಡಿಯಿತು. ಗಂಗಿ ಅದರ ಹಿಂದೆ ಹೋಗಿ ಕುಳಿತರೆ ಯಾರಾದರೂ ದಾರಿಗೆ ಅಡ್ಡವಿದ್ದ ಸ್ಟೂಲು ಸರಿಸಿದ ಮೇಲೆಯೇ ಎದ್ದು ಬರಬೇಕಿತ್ತು. ಹೊಸ ಮಿಷನ್ನಿನಲ್ಲಿ ಕೆಲಸ ಬೇಗ ಆಗುತ್ತಿತ್ತು, ಹಾಗಾಗಿ ಬಟ್ಟೆ ಇನ್ನೂ ಹೆಚ್ಚು ಬರುತ್ತಿತ್ತು. “ಒಳ್ಳೇ ಮಿಷನ್ನು,” ಎನ್ನುತ್ತಿದ್ದಳು. ಹುಡುಗಿಯರು ಕೈ ಎತ್ತಿದಾಗ ತೋಳು ಹೇಗೆ ಕಾಣುತ್ತದೆ ಎಂದು ಮತ್ತೆ ನನ್ನನ್ನು ಕೇಳಲಿಲ್ಲ. ನಾನಾಗಿಯೇ ಹೇಳಿದರೆ ಕೇಳಿಸಿಕೊಳ್ಳುತ್ತಿದ್ದಳು.

ಅರವತ್ತಾರರಲ್ಲಿ ನನಗೆ ಕಾರವಾರಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಗಂಗಿ ನನ್ನ ಕೈಗೆ ಒಂದು ರವಿಕೆ ಕೊಟ್ಟಳು. ಕಡುನೀಲಿ ಬಣ್ಣ. ತೋಳಿನಲ್ಲಿ ಎಸಳು ಇರಲಿಲ್ಲ. ಭುಜದಿಂದ ಕೆಳಗೆ ಬಂದ ನಿರಿಗೆಗಳು ಮರಳಿನ ಮೇಲೆ ನೀರು ಇಳಿದ ಗುರುತಿನ ಹಾಗೆ ಓರೆಯಾಗಿ ಹೋಗಿ ತಾವಾಗಿಯೇ ನಿಂತುಹೋಗಿದ್ದವು. ಅಂಥದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನನಗೆ ಮದುವೆಯಾಗಿರಲಿಲ್ಲ, ಆಗುವ ವಯಸ್ಸೂ ದಾಟಿತ್ತು. ಹಾಗಾಗಿ ಯಾರಿಗೂ ಹೆದರದೆ, ತನಗೆ ಬೇಕಾದ ಹಾಗೆ ಅವಳು ಕತ್ತರಿಸಿದ ಬಟ್ಟೆ ಅದೊಂದೇ ಇರಬೇಕು.

“ಹಾಕ್ಕಂಡು ಬನ್ನಿ ಅಕ್ಕೋರೇ, ಕಾಣ್ತೆ,” ಎಂದಳು. ಹಾಕಿಕೊಂಡು ಬಂದೆ. ನನ್ನನ್ನು ಹಿತ್ತಿಲ ಬೆಳಕಿನಲ್ಲಿ ನಿಲ್ಲಿಸಿ, ಕೈ ಎತ್ತಿಸಿ, ಇಳಿಸಿ, ತಿರುಗಿಸಿ ನೋಡಿದಳು. ಅರ್ಧ ಗಂಟೆಯಾದರೂ ನೋಡಿರಬೇಕು.

ಕಾರವಾರದ ಶಾಲೆಯಲ್ಲಿ ಆ ರವಿಕೆ ಕಂಡ ಜೊತೆಯ ಅಧ್ಯಾಪಕಿಯೊಬ್ಬರು ದರ್ಜಿ ಯಾರೆಂದು ಬೆನ್ನು ಹತ್ತಿದರು. ಹೊನ್ನಾವರದ ಗಂಗಿ ಎಂಬವಳು ಹೊಲಿದದ್ದು ಎಂದೆ. ಅಂಗಡಿ ಯಾವುದೆಂದು ಹೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರು ನೆಂಟರ ಮನೆಯ ಮದುವೆಗೆಂದು ಹೊನ್ನಾವರಕ್ಕೆ ಹೋಗಿ ಬಂದರು.

“ಪೇಟೆಯೆಲ್ಲ ಕೇಳಿದೆನಮ್ಮ,” ಎಂದರು. “ಗಂಗಿ ಎಂಬ ದರ್ಜಿಯೇ ಇಲ್ಲವಂತೆ. ಕಮಲಾಕರ ಅಂತ ಒಬ್ಬನ ಅಂಗಡಿ ತೋರಿಸಿದರು. ಅವನೂ ಪಾಪ, ಬಹಳ ಮರ್ಯಾದೆಯಿಂದ ಮಾತನಾಡಿದ. ಅಂಥವರು ಯಾರೂ ಇಲ್ಲಿ ಹೊಲಿಯುವುದಿಲ್ಲ ಎಂದ.”

“ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲವೇ?” ಎಂದು ಕೇಳಿದೆ.

“ಯಾರೂ ಇರಲಿಲ್ಲ. ಒಳಗೆ ಎಲ್ಲೋ ಮಿಷನ್ನು ಓಡುತ್ತಿತ್ತು. ನಾನು ಆ ಹೆಸರು ಹೇಳಿದಾಗ ಒಂದು ಗಳಿಗೆ ನಿಂತ ಹಾಗಾಯಿತು. ಆಮೇಲೆ ಮತ್ತೆ ಓಡಿತು.”